ಮಾತನಾಡುವ ರೈಲೂ ಮಾಲೀಕರ ನಲ್ಲಿಯೂ

ನನಗೆ ಹಿಂದಿ ಬರುತ್ತದೆ ಎಂದು ನಾನಾಗಿ ಯಾರ ಮುಂದೆಯೂ ಹೇಳಿಕೊಂಡವನಲ್ಲ. ಬೇರೆಯವರು ಹೇಳಿದಾಗ ಅಲ್ಲಗಳೆದವನೂ ಅಲ್ಲ. ಹೈಸ್ಕೂಲಿನಲ್ಲಿದ್ದಾಗ ಹಿಂದಿಯ ಮೊದಲ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ಪಾಸು ಮಾಡಿದ್ದೆ. ನನ್ನ ಹೆಂಡತಿ ಲಲಿತ ಮದುವೆಯಾದ ಹೊಸದರಲ್ಲಿ ಆ ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಎಷ್ಟನೆಯ ಸಲಕ್ಕೆ ಪಾಸಾಯಿತು ಎಂಬುದನ್ನು ಸರ್ಟಿಫಿಕೇಟಿನಲ್ಲಿ ಬರೆಯುವುದಿಲ್ಲ. ಪುಣ್ಯಾತ್ಮರು!

ಬಸವೇಶ್ವರನಗರದಲ್ಲಿ ಆಗ ನಾವಿದ್ದದ್ದು ಹನುಮಂತಯ್ಯನವರ ಮನೆಯ ಹಿಂದಿನ ಪೋರ್ಷನ್ನಿನಲ್ಲಿ. ಮಾಲೀಕರದೂ ಸೇರಿ ನಾಲ್ಕು ಪೋರ್ಷನ್, ತಾರಸಿಯ ಮೇಲೆ ಒಂದೇ ಟ್ಯಾಂಕು. ಬಾಡಿಗೆದಾರರ ನಲ್ಲಿಗಳಿಗೆ ನೀರು ಬಿಡುವ ವಾಲ್ವು ಮಾಲೀಕರ ಅಡುಗೆಮನೆಯ ಹಿಂದೆ. ವಾಲ್ವಿಗೊಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಗೊಂದು ಬೀಗ, ಬೀಗದ ಕೈ ಹನುಮಂತಯ್ಯನವರ ಉಡಿದಾರದಲ್ಲಿ! ಬೆಳಿಗ್ಗೆ ಆರಕ್ಕೆ ಬಿಡುವರು, ಆರೂವರೆಗೆ ನಿಲ್ಲಿಸುವರು. ತಲೆಗೆ ಸೀಗೆಪುಡಿ ಹಚ್ಚಿಕೊಂಡು ನಿಂತವರು ಹಾಗೆಯೇ ನಿಂತಿರಬೇಕು.

"ರೀ, ಇನ್ನೊಂದರ್ಧ ಗಂಟೆ ನೀರು ಬಿಡಿ ಅಂತ ಅವರಿಗೆ ಹೇಳ್ಬಾರದೇನ್ರೀ? ಬೇರೇನೂ ಕೇಳಲ್ಲ ನಿಮ್ಮನ್ನ. ಗಂಡಸು ಅಂತ ಒಬ್ಬರಿದೀರಲ್ಲ ಮನೇಲಿ!" ಎಂದು ಲಲಿತ ದಿನಾ ಚುಚ್ಚುತ್ತಿದ್ದಳು.

ಒಂದು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಹೋಗಿಯೇ ಬಿಟ್ಟೆ. ಹನುಮಂತಯ್ಯನವರು ಜಗಲಿಯ ಮೇಲೆ ಕೂತು ಹುಬ್ಬೇರಿಸಿ, "ಏನ್ ಸಾರ್ ಬಂದ್ರಿ?" ಎಂದರು.

"ಏನಿಲ್ಲ ಸಾರ್, ಈ ಸಲ ಬಿಸಿಲು ಸ್ವಲ್ಪ ಜಾಸ್ತಿ ಅನ್ಸುತ್ತೆ."

"ಅನ್ಸುತ್ತೆ" ಎಂದರು. ಮಾತುಕತೆ ಯಶಸ್ವಿಯಾಗಿ ಮುಗಿಯಿತು. ವಾಪಸು ಬಂದೆ.

ಅದೇ ವರ್ಷ ನಾವು ಟೀವಿ ತಗೊಂಡದ್ದು. ಕಪ್ಪು ಬಿಳುಪಿನದು, ಮುಂದೆ ಮರದ ಜಾರುಬಾಗಿಲು. ಇಡೀ ವಠಾರಕ್ಕೆ ಅದೊಂದೇ. ಟೀವಿ ನೋಡಿದರೆ ಕಣ್ಣು ಹಾಳಾಗುತ್ತದೆ ಎಂದು ಹನುಮಂತಯ್ಯನವರು ತಮ್ಮ ಮನೆಗೆ ತಂದಿರಲಿಲ್ಲ. ಕಣ್ಣು ಹಾಳುಮಾಡಿಕೊಳ್ಳಲು ಪ್ರತಿ ಭಾನುವಾರ ನಮ್ಮ ಮನೆಗೇ ಬರುತ್ತಿದ್ದರು. ಅವರಿಗೆ ಕುರ್ಚಿ, ಉಳಿದವರಿಗೆ ಚಾಪೆ.

ಆಗ ಶುರುವಾಯಿತು ನೋಡಿ ಆ ರೈಲಿನ ಕಾರ್ಯಕ್ರಮ. ಹದಿಮೂರು ವಾರ, ಭಾನುವಾರ ಬೆಳಿಗ್ಗೆ, ದಿಲ್ಲಿಯಿಂದ. ಇಂಜಿನ್ನುಗಳಿಗೆ ಮುಖ, ಕಣ್ಣು, ಬಾಯಿ ಎಲ್ಲ ಇತ್ತು. ಕಣ್ಣು ಹೊರಳಿಸಿ ಮಾತೂ ಆಡುತ್ತಿದ್ದವು. ಮಕ್ಕಳು ಬಿಟ್ಟ ಬಾಯಿ ಮುಚ್ಚಲಿಲ್ಲ. ಒಂದೇ ತೊಂದರೆ ಎಂದರೆ ಅವು ಆಡುತ್ತಿದ್ದದ್ದು ಹಿಂದಿ! ಮಾಗಡಿ ರಸ್ತೆಯ ಆಸುಪಾಸಿನ ಮಕ್ಕಳಿಗೆ ಇದರಲ್ಲಿ ಒಂದಕ್ಷರ ಅರ್ಥವಾಗುತ್ತದೆಯೇ ಎಂದು ದಿಲ್ಲಿಯವರು ಯಾರನ್ನೂ ಕೇಳಿದಂತೆ ಕಾಣಲಿಲ್ಲ.

"ಏನಂತೆ ಸಾರ್ ಅದು? ಏನೋ ಬಯ್ತಾ ಇದೆಯಲ್ಲ?" ಎಂದರು ಹನುಮಂತಯ್ಯನವರು.

ನಾನು ಬಾಯಿ ತೆರೆಯುವ ಮೊದಲೇ ಲಲಿತ, "ನಮ್ಮನೆಯವರಿಗೆ ಹಿಂದಿ ಬರುತ್ತೆ. ಪರೀಕ್ಷೆ ಪಾಸು ಮಾಡಿದಾರೆ" ಎಂದು ಗೋಡೆ ತೋರಿಸಿದಳು. ಹದಿನಾಲ್ಕು ತಲೆಗಳು ಗೋಡೆಯ ಕಡೆ ತಿರುಗಿ, ಆಮೇಲೆ ನನ್ನ ಕಡೆ ತಿರುಗಿದವು. ಮೂರನೇ ಕ್ಲಾಸಿನ ನನ್ನ ಮಗಳು ಸುಮಾ ಹೆಮ್ಮೆಯಿಂದ ಬೀಗಿ, "ಹೇಳಪ್ಪಾ!" ಎಂದಳು.

ಆ ಪರೀಕ್ಷೆಯಿಂದ ನನ್ನಲ್ಲಿ ಉಳಿದಿದ್ದದ್ದು ಒಂದೇ ವಾಕ್ಯ. 'ಘೋಡಾ ಪಾನೀ ಪೀತಾ ಹೈ.' ಕುದುರೆ ನೀರು ಕುಡಿಯುತ್ತದೆ. ಪರದೆಯ ಮೇಲೆ ಕುದುರೆಯೂ ಇರಲಿಲ್ಲ, ನೀರೂ ಇರಲಿಲ್ಲ. ದಪ್ಪ ಇಂಜಿನ್ನೊಂದು ಸಣ್ಣ ಇಂಜಿನ್ನಿನ ಮೇಲೆ ಹರಿಹಾಯುತ್ತಿತ್ತು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಆ ದೃಶ್ಯ ನನಗೆ ಹೊಸದೇನಲ್ಲ.

"ಸಣ್ಣ ಇಂಜಿನ್ನು ತಂಗಿ ಮದುವೆಗೆ ರಜಾ ಕೇಳ್ತಾ ಇದೆ ಸಾರ್. ದೊಡ್ಡದು ಸೂಪರಿಂಟೆಂಡೆಂಟು. ಕೊಡಲ್ಲ ಅಂತಿದೆ."

"ಥೂ ಅದರ!" ಎಂದರು ಹನುಮಂತಯ್ಯನವರು. ಮಕ್ಕಳೆಲ್ಲ ಸಣ್ಣ ಇಂಜಿನ್ನಿನ ಪಕ್ಷ ಸೇರಿದರು. ಅಲ್ಲಿಗೆ ನಾನು ವಠಾರದ ಅಧಿಕೃತ ಭಾಷಾಂತರಕಾರನಾಗಿ ನೇಮಕಗೊಂಡೆ!

ಮುಂದಿನ ವಾರಗಳಲ್ಲಿ ನನ್ನ ಧೈರ್ಯ ಬೆಳೆಯಿತು. ಆ ಸಣ್ಣ ಇಂಜಿನ್ನು ಬಡ್ತಿಗೆ ಅರ್ಜಿ ಹಾಕಿತು, ವರ್ಗವಾಗುತ್ತದೆಂದು ಹೆದರಿತು, ಕಡತ ಕಳೆದುಹೋಗಿ ಕಣ್ಣೀರಿಟ್ಟಿತು. ಸಣ್ಣ ಇಂಜಿನ್ನಿನ ಬಣ್ಣ ಹಸಿರು ಎಂದೂ ಸಾರಿದೆ.

"ಹಸಿರು ಅಂತ ಹೇಗೆ ಗೊತ್ತಾಯ್ತಪ್ಪ?" ಎಂದಳು ಸುಮಾ.

"ಹಿಂದೀಲಿ ಹೇಳಿದ್ರಲ್ಲ ಕಣೇ!"

ಅವಳು ಅದನ್ನೂ ಬರೆದುಕೊಂಡಳು. ಪ್ರತಿ ವಾರದ ಕತೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಸೋಮವಾರ ಸ್ಕೂಲಿನಲ್ಲಿ ಓದಿ ಹೇಳುತ್ತಿದ್ದಳಂತೆ. 'ನಮ್ಮಪ್ಪಂಗೆ ರೈಲಿನ ಭಾಷೆ ಬರುತ್ತೆ' ಎಂದು ಇಡೀ ತರಗತಿಗೆ ಗೊತ್ತಾಗಿತ್ತು. ನನಗೆ ಒಳಗೊಳಗೇ ಸ್ವಲ್ಪ ಅಳುಕಾಯಿತು. ಆದರೆ ಹೊಗಳಿಸಿಕೊಳ್ಳುವುದು ಅಳುಕಿಗಿಂತ ರುಚಿ.

ಒಮ್ಮೆ ಇಂಜಿನ್ನು ಬರೀ "ಹಾಂ" ಎಂದಿತು. ನಾನು ಎರಡು ನಿಮಿಷ ಅನುವಾದ ಮಾಡಿದೆ. ಹನುಮಂತಯ್ಯನವರಿಗೇ ಅನುಮಾನ ಬಂತು.

"ಅಷ್ಟೂ ಅಂತಾ ಅದು?"

"ಹಿಂದಿ ಅಂದ್ರೆ ಹಾಗೇ ಸಾರ್. ಕಡಿಮೆ ಮಾತು, ಜಾಸ್ತಿ ಅರ್ಥ."

"ಅದಕ್ಕೇ ಅವರು ದೇಶ ಆಳ್ತಾರೆ ನೋಡಿ" ಎಂದು ತಲೆದೂಗಿದರು.

ಆರನೆಯ ವಾರ ನನ್ನ ಅದೃಷ್ಟ ತೆರೆಯಿತು. ಇಂಜಿನ್ನು ನೀರಿನ ತೊಟ್ಟಿಯ ಕೆಳಗೆ ಬಂದು ನಿಂತಿತು. ಮೇಲಿಂದ ಕೊಳವೆ ಇಳಿಯಿತು, ಇಂಜಿನ್ನು ಗಟಗಟನೆ ಕುಡಿಯತೊಡಗಿತು. ಯಾರೋ 'ಪಾನೀ' ಎಂದರು. ನನಗೆ ಮೈ ಜುಮ್ಮೆಂದಿತು. ಅರ್ಥವಾಯಿತು! ಕುದುರೆಯ ಜಾಗದಲ್ಲಿ ಇಂಜಿನ್ನು, ಅಷ್ಟೇ ವ್ಯತ್ಯಾಸ! ಅಷ್ಟರಲ್ಲಿ ಸ್ಟೇಷನ್ ಮಾಸ್ತರು ಓಡಿಬಂದು ಕೊಳವೆಯ ತಿರುಗಣೆ ಮುಚ್ಚಿ, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಇಂಜಿನ್ನು ಗಳಗಳನೆ ಅತ್ತಿತು.

ನಾನು ಕುರ್ಚಿಯಲ್ಲಿದ್ದ ಮಾಲೀಕರನ್ನು ನೋಡಿದೆ. ಬಾಗಿಲಲ್ಲಿ ನಿಂತಿದ್ದ ಲಲಿತಳನ್ನು ನೋಡಿದೆ. ಕನ್ನಡದಲ್ಲಿ ಕೇಳಲಾಗದ್ದನ್ನು ಹಿಂದಿಯಲ್ಲಿ ಕೇಳುವ ಸುಸಂದರ್ಭ!

"ಇಂಜಿನ್ನು ಏನಂತಿದೆ ಗೊತ್ತಾ ಸಾರ್? 'ಸ್ವಾಮೀ, ಅರ್ಧ ಗಂಟೇಲಿ ಯಾರ ಹೊಟ್ಟೆ ತುಂಬುತ್ತೆ? ನೀರು ಗಂಗಾಮಾತೆ. ಗಂಗೆಗೆ ಬೀಗ ಹಾಕಿದೋರ ಮನೆ ಬಾವಿ ಏಳು ಜನ್ಮ ಬತ್ತಿಹೋಗುತ್ತೆ' ಅಂತಿದೆ."

ಹನುಮಂತಯ್ಯನವರ ಕೈ ತಾನಾಗಿ ಉಡಿದಾರಕ್ಕೆ ಹೋಯಿತು. "ರೈಲು ಹಾಗಂತಾ?" ಎಂದರು ಮೆಲ್ಲಗೆ. ಅವರ ಕಣ್ಣಂಚು ಒದ್ದೆಯಾಗಿತ್ತು. ಕಾಫಿ ಕುಡಿಯದೆ ಎದ್ದು ಹೋದರು.

ಮರುದಿನ ಬೆಳಿಗ್ಗೆ ನೀರು ಏಳರವರೆಗೆ ಬಂತು! ಲಲಿತ ಹಂಡೆ, ಕೊಳದಪ್ಪಲೆ, ಬಕೆಟ್ಟು, ಕೊನೆಗೆ ಮಜ್ಜಿಗೆ ಗಡಿಗೆಯನ್ನೂ ತುಂಬಿಸಿ, ಇನ್ನೂ ನೀರು ಬರುತ್ತಿರುವುದನ್ನು ನೋಡಿ ನಲ್ಲಿಗೆ ಕೈಮುಗಿದಳು. ಅಂದು ತಿಂಡಿಗೆ ಕೇಸರಿಬಾತು.

"ಅಂತೂ ಹೋಗಿ ಮಾತಾಡಿದ್ರಾ?"

"ನಾನು ಮಾತಾಡಲಿಲ್ಲ, ರೈಲಿನ ಕೈಲಿ ಮಾತಾಡಿಸಿದೆ" ಎಂದೆ. ಅವಳಿಗೆ ವಿಷಯ ಹೊಳೆಯಿತು. ಇನ್ನೊಂದು ಸೌಟು ಕೇಸರಿಬಾತು ಬಡಿಸಿದಳು. ವಠಾರದವರೆಲ್ಲ ದಾರಿಯಲ್ಲಿ ಕಂಡರೆ ಹಲ್ಲು ಕಿರಿಯತೊಡಗಿದರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತ. ನಿಲ್ಲಿಸಲಿಲ್ಲ! ಮುಂದಿನ ವಾರ ಇಂಜಿನ್ನಿನ ಬಾಯಲ್ಲಿ, "ಹಬ್ಬಕ್ಕೆ ಸೀರೆ ಕೇಳದ ಹೆಂಡತಿಯೇ ಹೆಂಡತಿ" ಎಂದು ಹೇಳಿಸಿದೆ.

"ಅದಕ್ಕೆ ಹೆಂಡತಿ ಎಲ್ಲಿದಾಳ್ರೀ?" ಎಂದಳು ಲಲಿತ.

"ಹಿಂದೆ ಬೋಗಿ ಬರ್ತಿಲ್ವೇನೇ?"

"ಅದನ್ನ ಪಾಪ ಎಳ್ಕೊಂಡು ಹೋಗ್ತಾ ಇದೆ. ಪೇಪರ್ ಹಿಡ್ಕೊಂಡು ಕೂತಿಲ್ಲ!"

ಎಲ್ಲರೂ ನಕ್ಕರು. ಆ ವಿಷಯದಲ್ಲಿ ಮುಂದೆ ಭಾಷಾಂತರ ಮಾಡಲಿಲ್ಲ.

ಹತ್ತನೆಯ ವಾರದ ಹೊತ್ತಿಗೆ ಪಕ್ಕದ ಪೋರ್ಷನ್ನಿಗೆ ಬೀದರಿನಿಂದ ಹೊಸ ಬಾಡಿಗೆದಾರರು ಬಂದರು. ಮಗ ಬ್ಯಾಂಕಿನಲ್ಲಿ, ತಾಯಿ ಗುರುಬಸಮ್ಮ. ಹಣೆತುಂಬ ವಿಭೂತಿ, ಬಾಯಿತುಂಬ ನಗು. ಭಾನುವಾರ ಅವರೂ ಬಂದು ಚಾಪೆಯ ಮೇಲೆ ಕೂತರು. ನಾನು ಬಹಳ ಔದಾರ್ಯದಿಂದ, "ಅಜ್ಜಿ, ನಿಮಗೆ ಅರ್ಥ ಆಗಲ್ಲ ಅಂತ ಬೇಜಾರು ಮಾಡ್ಕೋಬೇಡಿ. ನಾನು ಬಿಡಿಸಿ ಹೇಳ್ತೀನಿ" ಎಂದೆ.

"ಹೇಳ್ರೀ ತಮ್ಮಾ, ಕೇಳ್ತೀನಿ" ಎಂದರು.

ಆ ವಾರ ನನ್ನ ಲೆಕ್ಕದಲ್ಲಿ ಇಂಜಿನ್ನಿನ ತಾಯಿ ತೀರಿಕೊಂಡಿದ್ದಳು. ನಾನು ಗದ್ಗದ ಕಂಠದಿಂದ ವರ್ಣಿಸುತ್ತಿದ್ದೆ. ಮಕ್ಕಳು ಮೂಗು ಸೇದುತ್ತಿದ್ದರು. ಹನುಮಂತಯ್ಯನವರು ಟವಲಿನಿಂದ ಕಣ್ಣೊರೆಸಿಕೊಂಡರು. ಇದ್ದಕ್ಕಿದ್ದಂತೆ ಗುರುಬಸಮ್ಮ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು! ನಾನು ಗಾಬರಿಯಾಗಿ ನಿಲ್ಲಿಸಿದೆ. ಇಂಜಿನ್ನು ಮತ್ತೇನೋ ಹೇಳಿತು. ನಾನಿನ್ನೂ ಬಾಯಿ ತೆರೆದಿಲ್ಲ, ಆಕೆ ಮತ್ತೆ ನಕ್ಕರು. ಭಾಷಾಂತರಕ್ಕೆ ಮೊದಲೇ ನಗು!

"ಏನಮ್ಮಾ ಇದು, ತಾಯಿ ಸತ್ತಿದಾಳೆ, ನೀವು ನಗ್ತೀರಲ್ಲ!" ಎಂದರು ಹನುಮಂತಯ್ಯನವರು ಕೋಪದಿಂದ.

"ಯಾರ ತಾಯಿರೀ? ಅದರ ಹೊಗಿ ಕೊಳವ್ಯಾಗ ಹಕ್ಕಿ ಗೂಡು ಕಟ್ಯಾದ. ಸೀನು ಬಂದ್ರ ಗೂಡು ಹಾರಿ ಹೋಗ್ತದಂತ ಉಸಿರು ಹಿಡಕೊಂಡು ನಿಂತದ!"

"ನಿಮಗೆ ಹಿಂದಿ ಬರುತ್ತಾ ಅಮ್ಮ?" ಎಂದರು ಮಾಲೀಕರು.

"ಬೀದರದಾಗ ಹುಟ್ಟಿ ಬೆಳದಾಕಿರೀ ನಾ. ಮನ್ಯಾಗ ಕನ್ನಡ, ಬಜಾರದಾಗ ಹಿಂದಿ. ಈ ಗಾಡಿ ಆಟ ಮೊದಲ ವಾರದಿಂದ ಅಲ್ಲೇ ನೋಡೀನಿ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ. ಆಗ ನನ್ನ ಕರುಳಿನ ಕುಡಿ ಎದ್ದು ನಿಂತಿತು. ಅಪ್ಪನ ಮಾನ ಉಳಿಸಲೇಬೇಕೆಂದು ನೋಟ್‌ಬುಕ್ಕು ತಂದು, "ನಮ್ಮಪ್ಪ ಹೇಳಿದ್ದೇ ಸರಿ. ನೋಡಿ ಅಜ್ಜಿ, ಎಲ್ಲಾ ಬರ್ಕೊಂಡಿದೀನಿ" ಎಂದು ಆರನೆಯ ವಾರವನ್ನು ಗಟ್ಟಿಯಾಗಿ ಓದಿದಳು. ಗಂಗಾಮಾತೆ, ಬೀಗ, ಏಳು ಜನ್ಮ, ಬತ್ತಿದ ಬಾವಿ. ಒಂದಕ್ಷರ ಬಿಡಲಿಲ್ಲ ಮಹಾತಾಯಿ!

ಗುರುಬಸಮ್ಮ ಪಾಪ, ಮಗುವಿನ ತಲೆ ಸವರಿದರು. "ಇಲ್ಲ ಕೂಸ. ಆ ಗಾಡಿ ಆಸಿಗಿ ಬಿದ್ದು ತೊಟ್ಟಿ ನೀರೆಲ್ಲಾ ತಾನೇ ಕುಡದುಬಿಡ್ತು. ಉಳಿದ ಗಾಡಿಗೆ ಹನಿ ನೀರಿಲ್ಲ. ಅದಕ್ಕ ಮಾಸ್ತರ ಬೀಗ ಹಾಕಿದ. ಆಮ್ಯಾಲ ಅದು 'ತಪ್ಪಾತು, ಇನ್ನ ಮ್ಯಾಲ ನೀರು ಪೋಲು ಮಾಡಂಗಿಲ್ಲ' ಅಂತ ಅತ್ತು ಬೇಡಿಕೊಂತು."

ಹನುಮಂತಯ್ಯನವರು ನಿಧಾನವಾಗಿ ಎದ್ದರು.

"ಹಾಗಾದ್ರೆ ಸಾರ್, ಬೀಗ ಹಾಕಿದ್ದು ಸರಿ ಅಂತ ಆಯ್ತು."

"ಸಾರ್, ಹಿಂದೀಲಿ ಒಂದು ಮಾತಿಗೆ ಎರಡು..."

"ನಾಳೆಯಿಂದ ಕಾಲು ಗಂಟೆ!" ಎಂದು ಹೊರಟೇಹೋದರು.

ಅರ್ಧ ಗಂಟೆಯಿದ್ದದ್ದನ್ನು ಒಂದು ಗಂಟೆ ಮಾಡಿ, ಕಾಲು ಗಂಟೆಗೆ ಇಳಿಸಿದ ಕೀರ್ತಿ ನನಗೆ ಸೇರಿತು. ಹಲ್ಲು ಕಿರಿಯುತ್ತಿದ್ದವರು ಈಗ ಹಲ್ಲು ಕಡಿಯತೊಡಗಿದರು. ಲಲಿತ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಗೋಡೆಯ ಮೇಲಿದ್ದ ಸರ್ಟಿಫಿಕೇಟನ್ನು ಇಳಿಸಿ, ಮುಚ್ಚಳ ಕಳೆದುಹೋಗಿದ್ದ ಕೊಳದಪ್ಪಲೆಯ ಮೇಲೆ ಬೋರಲು ಹಾಕಿದಳು. ಅಳತೆ ಮಾಡಿಸಿದ ಹಾಗೆ ಕೂತಿತು. ಸುಮಾ ಮಾತ್ರ ಎರಡು ದಿನ ನನ್ನ ಹತ್ತಿರ ಸುಳಿಯಲಿಲ್ಲ. ಸೋಮವಾರ ಸ್ಕೂಲಿನಲ್ಲಿ ಏನು ಹೇಳಿದಳೋ, ಕೇಳುವ ಧೈರ್ಯ ನನಗಾಗಲಿಲ್ಲ. ನೀರು ಹೋದದ್ದಕ್ಕಿಂತ ಅದೇ ಹೆಚ್ಚು ಸಂಕಟವಾಯಿತು.

ಉಳಿದ ಮೂರು ವಾರ ಗುರುಬಸಮ್ಮನವರೇ ಭಾಷಾಂತರಕಾರರು. ಟೀವಿ ನನ್ನದು, ಚಾಪೆ ನನ್ನದು, ಕುರ್ಚಿ ನನ್ನದು. ನನ್ನ ಜಾಗ ಮಾತ್ರ ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕ.

ವಠಾರದ ತೀರ್ಮಾನದಂತೆ, ಕಡಿಮೆಯಾದ ನೀರನ್ನು ಕುರುಬರಹಳ್ಳಿ ಕಡೆಯ ರಸ್ತೆಯ ಬೋರ್‌ವೆಲ್ ಪಂಪಿನಿಂದ ಹೊತ್ತು ತರುವ ಹೊಣೆಯೂ ನನ್ನ ಮೇಲೆ ಬಿತ್ತು. ಒಂದು ಬೆಳಿಗ್ಗೆ ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು, ಬುಸ್ ಬುಸ್ ಎಂದು ಏದುಸಿರು ಬಿಡುತ್ತ ಗೇಟಿನೊಳಗೆ ಬಂದೆ. ಜಗಲಿಯಲ್ಲಿ ಗುರುಬಸಮ್ಮ ಸುಮಾಳಿಗೆ ಹಿಂದಿ ಪಾಠ ಹೇಳಿಕೊಡುತ್ತಿದ್ದರು. ನನ್ನನ್ನು ನೋಡಿ ನಕ್ಕು, "ದೇಖೋ ಸುಮಾ, ಇಂಜನ್ ಪಾನೀ ಲಾತಾ ಹೈ" ಎಂದರು.

"ಹಾಗಂದ್ರೇನು ಅಜ್ಜಿ?" ಎಂದಳು ಸುಮಾ.

ನನಗೆ ಅರ್ಥವಾಗಿತ್ತು! ಇಂಜಿನ್ನು ನೀರು ತರುತ್ತದೆ. ಇಡೀ ವಾಕ್ಯ, ಮೊದಲಿಂದ ಕೊನೆಯವರೆಗೆ! ಬಕೆಟ್ಟು ಕೆಳಗಿಟ್ಟು, ಉಸಿರು ಎಳೆದುಕೊಂಡು, "ಹಾಗಂದ್ರೆ ಮಗಳೇ..." ಎಂದು ಬಾಯಿ ತೆರೆದೆ.

"ನೀನು ಸುಮ್ನಿರಪ್ಪ" ಎಂದಳು. "ಅಜ್ಜಿ ಹೇಳ್ತಾರೆ."