ಹೆಸರು ಬದಲಾಯಿಸಲಾಗಿದೆ, ಹಾಡಿಮನೆ ಹಾಗೆಯೇ ಇದೆ

ಗೆ,
ಕುಮಾರಿ ಸ್ವಾತಿ,
ಪತ್ರಿಕೋದ್ಯಮ ವಿದ್ಯಾರ್ಥಿನಿ, ಕುಂದಾಪುರ

ಮಾನ್ಯರೇ,

ತಮ್ಮ ಕಾಲೇಜು ಪತ್ರಿಕೆಯಲ್ಲಿ ‘ಬದಲಾಗುತ್ತಿರುವ ಸಮಾಜ, ಬಾಡುತ್ತಿರುವ ಯೌವನ’ ಎಂಬ ನುಡಿಚಿತ್ರ ಅಚ್ಚಾದ ಶುಭ ಸಂದರ್ಭದಲ್ಲಿ, ಬಾರ್ಕೂರಿನಲ್ಲಿ ಬಾಡಿ ಕುಳಿತಿರುವ ನನ್ನ ಸಾಷ್ಟಾಂಗ ನಮಸ್ಕಾರಗಳನ್ನು ಸ್ವೀಕರಿಸಬೇಕು. ಹೆಣ್ಣು ಸಿಗದ ಗಂಡುಗಳ ಕಷ್ಟವನ್ನು ನಾಡಿಗೆ ತಿಳಿಸಬೇಕೆಂದು ತಾವು ಬಂದಾಗ, ಊರವರ ಮದುವೆಗಳಿಗೆಲ್ಲ ಶಾಮಿಯಾನ ಹಾಕುವ ನಾನು ಮನಸ್ಸು ಬಿಚ್ಚಿ ಮಾತಾಡಿದೆ, ಹೆಸರು ಮಾತ್ರ ಬೇಡ ಎಂದೆ. ತಾವು ಕೊಟ್ಟ ಮಾತಿಗೆ ತಪ್ಪಲಿಲ್ಲ. ಪ್ರೇಮಾನಂದನಾದ ನನ್ನನ್ನು ಸುಧಾಕರನನ್ನಾಗಿ ಮಾಡಿ, ‘ಹೆಸರು ಬದಲಾಯಿಸಲಾಗಿದೆ’ ಎಂದು ಕಂಸದಲ್ಲಿ ಹಾಕಿ, ಅದರ ಬೆನ್ನಿಗೇ ‘ಹಾಡಿಮನೆಯ ಶಾಮಿಯಾನದವರು, ವಯಸ್ಸು ಮೂವತ್ತಾರು’ ಎಂದು ಬರೆದಿರಿ.

ನಮ್ಮ ಕಡೆ ಮನುಷ್ಯನನ್ನು ಹೆಸರಿನಿಂದ ಗುರುತಿಸುವವರು ಬ್ಯಾಂಕಿನವರು ಮಾತ್ರ, ಉಳಿದವರಿಗೆ ಮನೆ ಹೆಸರೇ ಸಾಕು. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ತಮಗೆ ಅದು ಮರೆತುಹೋದದ್ದು ಪತ್ರಿಕಾಧರ್ಮದ ಮೇಲಿನ ಅತಿಭಕ್ತಿಯಿಂದಲೇ ಇರಬೇಕು. ಈಗ ಮೀನು ಮಾರುವ ರತ್ನಕ್ಕ ‘ಪಾಪ’ ಎನ್ನುತ್ತಾ ನನಗೆ ಎರಡು ಬಂಗುಡೆ ಹೆಚ್ಚು ಹಾಕುತ್ತಾರೆ. ಇನ್ನು ನೆರೆಮನೆಯಲ್ಲಿ ನಿಜವಾಗಿಯೂ ಒಬ್ಬ ಸುಧಾಕರ ಇದ್ದಾನೆ. ಸುಧಾಕರ ಇನ್ನೂ ‘ಯೋಗ್ಯ ಕನ್ಯೆಯ ನಿರೀಕ್ಷೆಯಲ್ಲಿದ್ದಾನೆ’ ಎಂದು ಓದಿದ ಅವನ ಹೆಂಡತಿ ವನಜ ಅವನಿಗೆ ಅನ್ನ ಹಾಕುವುದನ್ನು ನಿಲ್ಲಿಸಿದ್ದರಿಂದ, ಆ ಎರಡು ಬಂಗುಡೆಗಳನ್ನು ಅವನೇ ಬಂದು ತಿನ್ನುತ್ತಿದ್ದಾನೆ.

ಚಿತ್ರದ ಬಗ್ಗೆ ಹೇಳದಿದ್ದರೆ ಕೃತಘ್ನನಾಗುತ್ತೇನೆ. ಪ್ಲಾಸ್ಟಿಕ್ ಕುರ್ಚಿಗಳ ಅಟ್ಟಿಯ ಪಕ್ಕ ನಿಲ್ಲಿಸಿ, ಬೇಸರದಿಂದ ದೂರಕ್ಕೆ ನೋಡಿ ಎಂದಿರಿ. ನೋಡಿದೆ. ದೂರದಲ್ಲಿ ನಮ್ಮ ಎಮ್ಮೆ ಪಕ್ಕದವರ ಗದ್ದೆಗೆ ಇಳಿಯುತ್ತಿತ್ತು. ನನ್ನ ಮುಖದಲ್ಲಿ ತಮಗೆ ಕಂಡ ‘ಒಂದು ತಲೆಮಾರಿನ ನೋವು’ ಅದೇ.

ಇಷ್ಟೆಲ್ಲವನ್ನೂ ನಗುತ್ತಾ ಸಹಿಸಿಕೊಳ್ಳುತ್ತಿದ್ದೆ. ಆದರೆ ನಾನು ನೋಡಿ ಬಂದಿದ್ದ ಉಪ್ಪುಂದದ ಚೇತನಾ ಎಂಬವರ ಮನೆಯವರು ಈ ಭಾನುವಾರ ನಮ್ಮ ಮನೆ ನೋಡಲು ಬರುವವರಿದ್ದರು. ಅವರ ಸೋದರತ್ತೆ ಚಂದ್ರಮತಿಯವರು ನುಡಿಚಿತ್ರ ಓದಿ ನನ್ನ ಅಮ್ಮನಿಗೆ ಫೋನ್ ಮಾಡಿ, “ಎಂತ ಮರಾಯ್ರೆ, ಮಾಣಿ ಪೇಪರಂಗೆ ಬಪ್ಪಷ್ಟ್ ಹಳತಾ?” ಎಂದು ನನ್ನ ವಯಸ್ಸನ್ನೇ ಅನುಮಾನಿಸಿ ಕೇಳಿದರು. ಅಂದಿನಿಂದ ಆ ಕಡೆಯ ಸುದ್ದಿಯೇ ಇಲ್ಲ. ಚೇತನಾ ನನಗೆ ತುಂಬಾ ಇಷ್ಟವಾಗಿದ್ದಾರೆ, ಸ್ವಾತಿಯವರೇ. ಅದು ಸಾಮಾಜಿಕ ಸಮಸ್ಯೆಯಲ್ಲ, ನನ್ನೊಬ್ಬನದೇ ಸಮಸ್ಯೆ.

ಆದುದರಿಂದ, ಮುಂದಿನ ಸಂಚಿಕೆಯಲ್ಲಿ ನನ್ನ ಯೌವನ ಮತ್ತೆ ಚಿಗುರಿದೆಯೆಂದು ತಿದ್ದುಪಡಿ ಹಾಕಬೇಕಾಗಿಯೂ, ಅದು ಆಗದಿದ್ದರೆ, ಸಮಾಜದಲ್ಲಿ ತಮ್ಮ ಮಾತು ನಡೆಯುವುದರಿಂದ, ಭಾನುವಾರ ಸಂಜೆಯವರೆಗೆ ಬದಲಾಗದೆ ಸುಮ್ಮನಿರುವಂತೆ ಅದಕ್ಕೆ ಸೂಚಿಸಬೇಕಾಗಿಯೂ ವಿನಂತಿ.

ತಮ್ಮ ವಿಶ್ವಾಸಿ ಹಾಗೂ ಜ್ವಲಂತ ಸಮಸ್ಯೆ,
ಪ್ರೇಮಾನಂದ, ಹಾಡಿಮನೆ

ತಾ.ಕ.: ಸಹಿ ಹಾಕುವಷ್ಟರಲ್ಲಿ ಚೇತನಾ ಅವರೇ ಫೋನ್ ಮಾಡಿ, ಭಾನುವಾರ ಬಂದೇ ಬರುತ್ತೇವೆ ಎಂದರು. ತಮಗೆ ನಾನೇ ಚಹಾ ಮಾಡಿ ಕೊಟ್ಟು, ಲೋಟಗಳನ್ನೂ ತೊಳೆದಿಟ್ಟೆನೆಂದು ತಾವು ಕೊನೆಯ ಸಾಲಿನಲ್ಲಿ ಕನಿಕರದಿಂದ ಬರೆದಿದ್ದಿರಲ್ಲ, ಅವರು ಮೆಚ್ಚಿದ್ದು ಅದನ್ನೇ ಅಂತೆ. ಹೋದ ತಿಂಗಳು ಅವರನ್ನು ನೋಡಲು ಹೋಗಿದ್ದ ಹುಡುಗ, ಮದುವೆಯಾದ ಮೇಲೆ ತನ್ನ ಲೋಟವನ್ನು ಯಾರು ತೊಳೆಯುತ್ತಾರೆಂದು ಮೊದಲೇ ಕೇಳಿ ಖಚಿತಪಡಿಸಿಕೊಂಡನಂತೆ, ಇವರು ಬೇಡವೆಂದರಂತೆ. ಆ ಹುಡುಗ ತಮ್ಮ ಸ್ವಂತ ಅಣ್ಣ ಅಕ್ಷಯ್. ಮುಂದಿನ ನುಡಿಚಿತ್ರಕ್ಕೆ ತಾವು ಮನೆಯಿಂದ ಹೊರಗೆ ಕಾಲಿಡುವ ತೊಂದರೆಯೇ ಇಲ್ಲ.