ಪುಂಡಲೀಕಪ್ಪನ ಇನ್ನೂರು ಕುರ್ಚಿ

ಪುಂಡಲೀಕಪ್ಪ ಮುಂಡರಗಿಯಲ್ಲಿ ಶಾಮಿಯಾನದ ಅಂಗಡಿ ಹಾಕಿದಾಗಿನಿಂದ ಅದರ ಲೆಕ್ಕವೆಲ್ಲ ಅವನ ತಲೆಯಲ್ಲೇ ಇತ್ತು. ಅಲ್ಲಿ ಅದು ಯಾರಿಗೂ ತೊಂದರೆ ಕೊಡದೆ ಸುಖವಾಗಿತ್ತು. ಅದನ್ನು ಹಾಳೆಯ ಮೇಲೆ ಇಳಿಸಹೋದದ್ದೇ ತಪ್ಪಾಯಿತು.

ಇಳಿಸದೆ ಗತಿಯೂ ಇರಲಿಲ್ಲ. ಲಗ್ನದ ಹಂಗಾಮು ಬಂತೆಂದರೆ ಪ್ರತಿ ಸಲ ಕುರ್ಚಿ ಕಡಿಮೆ ಬೀಳುತ್ತಿದ್ದವು. ಹೋದ ವರ್ಷ ಯಳವತ್ತಿಯ ಮದುವೆಯೊಂದರಲ್ಲಿ ಬೀಗರು ನಿಂತೇ ಉಂಡು, ಹೋಗುವಾಗ ಅವನ ಏಳು ತಲೆಮಾರನ್ನು ನೆನೆಸಿ ಹೋಗಿದ್ದರು. ಈ ಸಲ ಇನ್ನೂ ನೂರು ಕುರ್ಚಿ ಕೊಳ್ಳದಿದ್ದರೆ ಗಿರಾಕಿಗಳೆಲ್ಲ ಗದಗಿನ ದೊಡ್ಡ ಅಂಗಡಿಗಳ ಪಾಲು, ತನ್ನ ಅಂಗಡಿಗೆ ಬೀಗವೇ ಗತಿ ಎಂದು ಅವನಿಗೆ ಖಾತ್ರಿಯಾಗಿತ್ತು. ಸಾಲ ಕೇಳಿದರೆ ಬ್ಯಾಂಕಿನ ಸಾಹೇಬರು, ಮೊದಲು ಸಾಮಾನಿನ ಲೆಕ್ಕದ ಹಾಳೆ ಮಾಡಿಡಿ, ಗುರುವಾರ ಮಧ್ಯಾಹ್ನ ಬಂದು ಸಾಮಾನು ಎಣಿಸಿ ನೋಡುತ್ತೇನೆ ಎಂದಿದ್ದರು. ಗುರುವಾರ ಬಂದೇಬಿಟ್ಟಿತ್ತು. ಬಿ.ಕಾಂ. ಮುಗಿಸಿದ ಮಗಳು ಮಮತಾ ಬೆಳಿಗ್ಗೆಯೇ ಪಡಸಾಲೆಯಲ್ಲಿ ಉದ್ದನೆಯ ಹಾಳೆ ಹಾಸಿ, ತುಂಬ ಅಂಕಣ ಹೊಡೆದು, ಪೆನ್ನಿನ ತುದಿ ಕಚ್ಚುತ್ತ ಕೂತಿದ್ದಳು.

"ಅಪ್ಪಾ, ಎಡಗಡಿ ಬೇರೀಜು ಬಲಗಡಿ ಬೇರೀಜಿಗೆ ಕೂಡವಲ್ದು. ಇನ್ನೂರು ಕುರ್ಚಿ ಕೊಂಡ ರಸೀದಿ ಅದಾವು. ಗೋದಾಮಿನ್ಯಾಗ ಎಷ್ಟು ಅದಾವು?"

"ಒಂದು ನೂರಾ ಹತ್ತು ಇರಬೇಕವ್ವಾ."

"ಉಳದದ್ದು?"

"ಊರಾಗ ಅದಾವು."

"ಊರಾಗ ಅಂತ ಅಂಕಣ ಇಲ್ಲಪ್ಪ ಇದರಾಗ. ಅದಾವು ಅಂತ ಬರೀಲ್ಯೋ, ಹೋದ್ವು ಅಂತ ಬರೀಲ್ಯೋ?"

ಹೋದವು ಎಂದರೆ ಸುಳ್ಳು, ಏಕೆಂದರೆ ದಿನಾ ಕಣ್ಣಿಗೆ ಬೀಳುತ್ತಿದ್ದವು. ಸತ್ತವರ ಮನೆಗೆ ಕೊಟ್ಟ ಸಾಮಾನಿಗೆ ಬಾಡಿಗೆ ತೆಗೆದುಕೊಳ್ಳಬಾರದು, ಹೋಗಿ ಕೇಳಲೂ ಬಾರದು, ಅವರಾಗಿ ತಂದಿಟ್ಟರೆ ಇಟ್ಟುಕೊಳ್ಳಬೇಕು. ಇದು ಪುಂಡಲೀಕಪ್ಪ ಅಂಗಡಿ ಹಾಕಿದಾಗಿನಿಂದ ನಡೆಸಿಕೊಂಡು ಬಂದ ಪದ್ಧತಿ. ಹತ್ತು ಹೋದರೆ ಎಂಟು ಬರುತ್ತಿದ್ದವು. ದುಃಖದಲ್ಲಿದ್ದವರಿಗೆ ಎಣಿಸುವ ಮನಸ್ಸು ಎಲ್ಲಿಂದ ಬರಬೇಕು?

ಇವತ್ತು ಮಾತ್ರ ಕೇಳಲೇಬೇಕಿತ್ತು. ಅಂಗಿ ತೊಟ್ಟು, ಸಾಮಾನು ಸಾಗಿಸುವ ಗಾಡಿ ತೆಗೆದುಕೊಂಡು ಹೊರಟ.

ಮೊದಲು ಹೋದದ್ದು ರಹಮಾನಸಾಬನ ಚಹಾದಂಗಡಿಗೆ. ಅವರ ಮನೆಯ ಸಾವಿಗೆ ಹೋದ ಆರು ಕುರ್ಚಿ ಅಲ್ಲೇ ಉಳಿದಿದ್ದವು. "ಬರ್ರಿ ಮಾಲಕ್ರ, ಕುಂಡ್ರಿ" ಎಂದು ರಹಮಾನಸಾಬ ಕುರ್ಚಿ ಒರೆಸಿ ಕೊಟ್ಟ. 'ಪುಂಡಲೀಕಪ್ಪ ಶಾಮಿಯಾನ' ಎಂದು ಕೆಂಪು ಬಣ್ಣದಲ್ಲಿ ಬರೆದ ತನ್ನ ಹೆಸರಿಗೇ ಬೆನ್ನು ಕೊಟ್ಟು ಕೂತು, ಅವನು ಕೊಟ್ಟ ಚಹಾ ಕುಡಿದ ಮೇಲೆ, ಈ ಕುರ್ಚಿ ನಂದು ಕೊಡು ಎನ್ನಲು ನಾಲಿಗೆ ಏಳಲಿಲ್ಲ. ಕಡೆಗೆ ನೆಲ ನೋಡುತ್ತ ಹೇಳಿದ: "ಮನಿಯಾಗ ಸ್ವಲ್ಪ ಕುರ್ಚಿ ಬೇಕಾಗ್ಯಾವೋ ರಹಮಾನ."

ರಹಮಾನಸಾಬನ ಮುಖ ಇಳಿಯಿತು. ಕೂತಿದ್ದ ಗಿರಾಕಿಗಳನ್ನು ಎಬ್ಬಿಸಿ, ಆರೂ ಕುರ್ಚಿ ಎತ್ತಿ ಗಾಡಿಗೆ ಹೇರಿದ. ಚಹಾದ ರೊಕ್ಕ ಕೊಡಹೋದರೆ, "ಇವತ್ತ ಬ್ಯಾಡ್ರಿ" ಎಂದು ಕೈ ಹಿಡಿದ.

ಇಷ್ಟು ಸಲೀಸಾದೀತೆಂದು ಪುಂಡಲೀಕಪ್ಪ ಕನಸಿನಲ್ಲೂ ಎಣಿಸಿರಲಿಲ್ಲ. ಮುಂದಿನ ಓಣಿಯ ಅಮೃತವ್ವ ಅವನ ಎರಡು ಕುರ್ಚಿಗಳ ಮೇಲೆ ಮೊರ ಇಟ್ಟು ಸಂಡಿಗೆ ಒಣಹಾಕಿದ್ದಳು. ಅಲ್ಲೂ ಅದೇ ಮಾತು ಹೇಳಿದ.

"ನಿಮ್ಮತ್ತಿ ಚನ್ನಮ್ಮಗ ಜ್ವರ ಬಂದಿತ್ತಲ್ಲೋ ತಮ್ಮಾ, ಹೆಂಗದಾಳ?"

"ಏನ್ ಹೇಳ್ಲಿ ಯವ್ವಾ, ವಯಸ್ಸಾತು" ಎಂದ, ಅವನ ಧ್ಯಾನವೆಲ್ಲ ಕುರ್ಚಿಯ ಕಾಲಿನ ಮೇಲೆ. ಅಮೃತವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಹಸಿ ಸಂಡಿಗೆಯನ್ನು ಹಾಗೇ ಕೆಳಗಿಳಿಸಿದಳು.

ಹೀಗೆ ಓಣಿ ಓಣಿ ಸುತ್ತಿದ. ಎಲ್ಲಿಯೂ ಯಾರೂ ತಕರಾರು ಮಾಡಲಿಲ್ಲ. ಕೆಲವರು ಕುರ್ಚಿ ತೊಳೆದು ಕೊಟ್ಟರು. ಒಂದು ಮಾತ್ರ ಉಳಿಯಿತು. ಗಾಳೆಪ್ಪ ಮನೆಯ ಮುಂದೆ ಅದರ ಮೇಲೆ ಒಬ್ಬನೇ ಕೂತಿದ್ದ. ಹೆಂಡತಿ ತೀರಿಕೊಂಡ ದಿನ ಬಂದ ಕುರ್ಚಿ ಅದು.

"ಒಳಗ ಹೋಗಾಕ ಮನಸ್ಸಾಗವಲ್ದಪಾ. ಅದಕ್ಕ ಇಲ್ಲೇ ಕುಂತಿರ್ತೀನಿ" ಎಂದ ಗಾಳೆಪ್ಪ.

ಪುಂಡಲೀಕಪ್ಪ ಕುಶಲ ಕೇಳಿ, ಬಂದ ಕೆಲಸ ಹೇಳದೆ ತಿರುಗಿದ.

ಗೋದಾಮಿನವನ್ನೂ ತಂದು, ಮನೆಯ ಮುಂದೆ ಕುರ್ಚಿಗಳನ್ನು ಸಾಲಾಗಿ ಇಟ್ಟದ್ದಾಯಿತು. ಸಾಹೇಬರಿಗೆ ಬಿಸಿಲು ತಾಗಬಾರದೆಂದು ಹೆಂಡತಿ ಶಂಕ್ರೆವ್ವ ಆಳುಗಳಿಂದ ಮೇಲೊಂದು ಬಿಳಿ ಶಾಮಿಯಾನ ಹಾಕಿಸಿದಳು. ಒಂದು ಕುರ್ಚಿ ಕಡಿಮೆ ಎಂದು ಮಮತಾ ತಲೆ ಕೆರೆದುಕೊಂಡಳು.

"ಅದು ಐತಿ ಅಂತ ಬರಿ. ಅದರ ಮ್ಯಾಲೆ ಕುಂತವ್ರೂ ಅದಾರ" ಎಂದು ಪುಂಡಲೀಕಪ್ಪ ಮುಖ ತೊಳೆಯಲು ಹಿತ್ತಲಿಗೆ ಹೋದ.

ಮಧ್ಯಾಹ್ನದ ಹೊತ್ತು, ಮನೆಯ ಮುಂದೆ ಬಿಳಿ ಶಾಮಿಯಾನ, ಹಾಡಿಲ್ಲ, ಮೈಕಿಲ್ಲ, ಸಾಲಾಗಿ ಕುರ್ಚಿ. ಊರಿಗೆ ಇನ್ನೇನು ಹೇಳಬೇಕು? ಅವನು ಮುಖ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ರಹಮಾನಸಾಬ ಅಂಗಡಿ ಮುಚ್ಚಿ ಹೂವಿನ ಮಾಲೆ ಹಿಡಿದು ಬಂದಿದ್ದ. ಹೆಗಲ ಮೇಲೆ ವಲ್ಲಿ ಹಾಕಿದ ಗಂಡಸರು ಸದ್ದಿಲ್ಲದೆ ಬಂದು ಕೂತಿದ್ದರು. ಅಮೃತವ್ವ ಹೊಸ್ತಿಲ ಬಳಿ ಕೂತು ರಾಗ ಎಳೆದಿದ್ದಳು: "ಎಂಥಾ ಜೀವ ಇತ್ತಲ್ಲ ನನ್ನವ್ವ, ಯಾರಿಗೂ ಇಲ್ಲ ಅಂದವಳಲ್ಲಲ್ಲ ನನ್ನವ್ವ."

ಒಳಗೆ ಮಲಗಿದ್ದ ಅತ್ತೆ ಚನ್ನಮ್ಮನಿಗೆ ಕಿವಿ ಮಂದ. ಅಂಥವಳಿಗೂ ಆ ಅಳು ಕೇಳಿಸಿತು. ಗೋಡೆ ಹಿಡಿದು ಬಂದು, ಅಮೃತವ್ವನ ಪಕ್ಕದಲ್ಲಿ ಕೂತು, ಸೆರಗು ಬಾಯಿಗೆ ಹಚ್ಚಿ ತಾನೂ ಅಳತೊಡಗಿದಳು. ಸ್ವಲ್ಪ ಅತ್ತ ಮೇಲೆ ಕೇಳಿದಳು: "ಯಾರು ಹೋದ್ರು ಯವ್ವಾ?"

"ನೀನ ನಮ್ಮವ್ವ" ಎಂದು ಅಮೃತವ್ವ ರಾಗದಲ್ಲೇ ಹೇಳಿ, ಆಮೇಲೆ ಪಕ್ಕಕ್ಕೆ ನೋಡಿದಳು.

ರಾಗ ಅಲ್ಲಿಗೇ ನಿಂತಿತು. ಪುಂಡಲೀಕಪ್ಪ ಕೈ ಮುಗಿದು, ಯಾರೂ ಸತ್ತಿಲ್ಲ, ಬ್ಯಾಂಕಿನವರು ಎಣಿಸಲು ಬರುತ್ತಾರೆ, ಅಷ್ಟೇ ಎಂದು ತೊದಲುತ್ತಿದ್ದ. ಆಗಲೇ ಗಾಳೆಪ್ಪ ತಲೆಯ ಮೇಲೆ ಕುರ್ಚಿ ಹೊತ್ತು ಬಂದ. "ಮಂದಿಗೆ ಕಡಿಮಿ ಬಿದ್ದಾವು ಅಂತ ತಂದೆ" ಎಂದು ಅದನ್ನು ಕೊನೆಯ ಸಾಲಿಗೆ ಇಟ್ಟ. ಅವನ ಹಿಂದೆಯೇ ಸಾಹೇಬರ ಮೋಟಾರ್ ಸೈಕಲ್ ಬಂತು.

ಸಾಹೇಬರು ಹಾಳೆ ನೋಡಿದರು, ಸಾಲು ಸಾಲು ನಡೆದು ಎಣಿಸಿದರು. "ಲೆಕ್ಕ ಅಂದ್ರ ಹಿಂಗಿರಬೇಕು. ಇನ್ನೂರಕ್ಕ ಇನ್ನೂರು" ಎಂದು ಮಮತಾಳನ್ನು ಹೊಗಳಿದರು.

"ಹಂಗಾರ ಸಾಲ ಆದಂಗ ಅನ್ರಿ" ಎಂದ ಪುಂಡಲೀಕಪ್ಪ.

"ಅಲ್ಲೇ ತ್ರಾಸ ಬಂದೈತಿ ನೋಡ್ರಿ. ಇಷ್ಟು ಮಂದಿ ಕುಂತ್ರೂ ಅರ್ಧಾಕರ್ಧ ಖಾಲಿ ಅದಾವು. ಕುರ್ಚಿ ಕಡಿಮಿ ಬೀಳ್ತಾವು ಅಂತ ಮ್ಯಾಲಿನವ್ರಿಗೆ ನಾ ಹೆಂಗ ಬರೀಲಿ? ಸದ್ಯ ಬ್ಯಾಡ ಬಿಡ್ರಿ."

ಪುಂಡಲೀಕಪ್ಪ ಕುರ್ಚಿಗಳ ಕಡೆ ನೋಡಿದ. ಕೊಂಡ ದಿನ ಬಿಟ್ಟರೆ ಅವನ್ನೆಲ್ಲ ಒಟ್ಟಿಗೆ ಕಂಡದ್ದು ಇವತ್ತೇ. ಸಾಹೇಬರ ಮಾತೂ ಸುಳ್ಳಲ್ಲ. ಇವೆಲ್ಲ ಗೋದಾಮಿನಲ್ಲೇ ಇದ್ದರೆ ಸಾಲ ಯಾಕೆ ಬೇಕು? ಅವನ ಮನಸ್ಸು ಹಗುರಾಯಿತು.

ಅಷ್ಟರಲ್ಲಿ ಅಮೃತವ್ವ ಮೇಲೆದ್ದಳು. "ಯಾರೂ ಸತ್ತಿಲ್ಲ, ಛಲೋ ಆತು. ಹಂಗಾರ ಇನ್ನ ನಿಮಗ ಇವು ಬೇಕಾಗಿಲ್ಲಲ್ಲ" ಎಂದು ಎರಡು ಕುರ್ಚಿ ಎತ್ತಿ ಕಂಕುಳಿಗೆ ಸಿಗಿಸಿದಳು. ರಹಮಾನಸಾಬ ತನ್ನ ಆರನ್ನು ಒಂದರ ಮೇಲೊಂದು ಪೇರಿಸಿದ. ಉಳಿದವರೂ ತಮ್ಮ ತಮ್ಮವನ್ನು ಗುರುತು ಹಿಡಿದು ಎತ್ತಿಕೊಂಡರು. ತನ್ನ ಮನೆಯ ದುಃಖಕ್ಕೆಂದು ಅಂಗಡಿ ಮುಚ್ಚಿ, ಒಲೆ ಆರಿಸಿ ಓಡಿ ಬಂದವರಿಗೆ ಕುರ್ಚಿ ಕೆಳಗಿಡಿ ಎನ್ನುವ ಬಾಯಿ ಪುಂಡಲೀಕಪ್ಪನಿಗಿರಲಿಲ್ಲ. ಅವರು ಬಂದರಲ್ಲ ಎಂಬ ಸಮಾಧಾನವೇ ಎದೆ ತುಂಬಿತ್ತು. ಗಾಳೆಪ್ಪನೊಬ್ಬ ಬರಿಗೈಯಲ್ಲಿ ಹೊರಟಿದ್ದ. "ಕಾಕಾ, ನಿಮ್ಮ ಕುರ್ಚಿ ಮರತ್ರಿ" ಎಂದು ಪುಂಡಲೀಕಪ್ಪನೇ ಓಡಿಹೋಗಿ ಕೊಟ್ಟ.

ತಿರುಗಿ ಬಂದಾಗ ಸಾಹೇಬರು ಗಾಡಿ ಹತ್ತದೆ ಕಾಯುತ್ತಿದ್ದರು.

"ಪುಂಡಲೀಕಪ್ಪನವರ, ತಪ್ಪ ತಿಳೀಬ್ಯಾಡ್ರಿ. ನಮ್ಮ ಬ್ಯಾಂಕಿನ್ಯಾಗ ಬಂದ ಮಂದಿ ನಿಂತ ಇರ್ತಾರ. ಹೊಸಾ ಕುರ್ಚಿ ಬರೂತನಕ ಎರಡು ಕೊಟ್ಟಿದ್ರ..."

ಪುಂಡಲೀಕಪ್ಪ ಒಳಗೆ ಹೋಗಿ ಶಾಮಿಯಾನದ ಹಗ್ಗ ತಂದ. ಎರಡು ಒಳ್ಳೆಯ ಕುರ್ಚಿ ಆರಿಸಿ ಗಾಡಿಯ ಹಿಂದೆ ಬಿಗಿದು, ಗಂಟು ಎಳೆದು ನೋಡಿದ. ದಾರಿಯಲ್ಲಿ ಜಾರಿ ಬಿದ್ದರೆ ಸಾಹೇಬರಿಗೆ ಪೆಟ್ಟಾದೀತು.