ನಾಲ್ಕೂವರೆ ಗಿಗಾಹರ್ಟ್ಸಿನ ಎಡೆ

ನಮ್ಮ ಚಿಕ್ಕಮ್ಮನ ಕೈಗೆ ಬೆಂಗಳೂರಿನ ಸಂಚಾರವನ್ನೆಲ್ಲ ಒಪ್ಪಿಸಿದರೆ ಈ ಊರಿನಲ್ಲಿ ಒಂದೇ ಒಂದು ಅಪಘಾತ ಆಗುವುದಿಲ್ಲ ಎಂದು ನಾನು ಬರೆದು ಕೊಡಬಲ್ಲೆ. ಯಾವ ಗಾಡಿಯೂ ಮನೆ ಬಿಟ್ಟು ಹೊರಡುವುದೇ ಇಲ್ಲವಲ್ಲ, ಅಪಘಾತ ಎಲ್ಲಿಂದ ಆಗಬೇಕು! ಹಾಲು ಕಾಯಿಸಿದ ಮೇಲೆ ಒಲೆ ಆರಿಸಿ, ರೆಗ್ಯುಲೇಟರ್ ತಿರುಗಿಸಿ, ಅದೂ ಸಾಲದೆಂದು ಸಿಲಿಂಡರಿನ ಹತ್ತಿರ ಬಗ್ಗಿ ಮೂಸಿ ನೋಡುವವರು ಅವರು. ಮದುವೆಗೆಂದು ಹೊರಟು ಅರ್ಧ ದಾರಿಗೆ ಬಂದ ಮೇಲೆ, "ರೀ, ಬೀಗ ಜಗ್ಗಿ ನೋಡಿದ್ರಾ?" ಎಂದು ಕೇಳಿ ಚಿಕ್ಕಪ್ಪನನ್ನು ವಾಪಸು ಕಳಿಸಿ, ಮುಹೂರ್ತ ತಪ್ಪಿಸಿಕೊಂಡು ಊಟಕ್ಕೆ ಮಾತ್ರ ತಲುಪಿದ ಮದುವೆಗಳಿಗೆ ಲೆಕ್ಕವಿಲ್ಲ. ಇಂಥವರು ಕಳೆದ ವರ್ಷ ಕಂಪ್ಯೂಟರಿನ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು ಹೊರಟರು ಎಂದರೆ ನೀವು ನಂಬುತ್ತೀರಾ? ನಾನೂ ನಂಬಿರಲಿಲ್ಲ.

ಓವರ್‌ಕ್ಲಾಕಿಂಗ್ ಎಂದರೆ ಬೇರೇನೂ ಅಲ್ಲ. ಕಂಪನಿಯವರು ಪ್ರೊಸೆಸರಿಗೆ ಇಷ್ಟು ಗಿಗಾಹರ್ಟ್ಸ್ ವೇಗ ಸಾಕು ಎಂದು ಗೊತ್ತುಮಾಡಿ ಕಳಿಸಿರುತ್ತಾರೆ. ನಾವು ಅದಕ್ಕಿಂತ ಜೋರಾಗಿ ಓಡಿಸುವುದು. ಓಡಿಸಿದರೆ ಬಿಸಿಯಾಗುತ್ತದೆ. ಬಿಸಿಯನ್ನು ಹೊರಗೆ ಕಳಿಸಲು ಗೊತ್ತಿದ್ದವರು ಗೆಲ್ಲುತ್ತಾರೆ, ಗೊತ್ತಿಲ್ಲದವರು ಹೊಸ ಪ್ರೊಸೆಸರ್ ತರುತ್ತಾರೆ.

ಹಾಗೆ ನೋಡಿದರೆ ಈ ಆಸೆ ಚಿಕ್ಕಮ್ಮನದಲ್ಲ, ಚಿಕ್ಕಪ್ಪನದು. ಅವರು ಹೊಸ ತಿಪ್ಪಸಂದ್ರದ ತಮ್ಮ ಮನೆಯ ಹತ್ತಿರವೇ ಇದ್ದ ವಿಮಾನದ ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷೆ ಮಾಡುವ ವಿಭಾಗದಲ್ಲಿದ್ದರು. ಎಂಜಿನ್ನನ್ನು ಪೂರ್ತಿ ಜೋರಾಗಿ ಓಡಿಸಿ ತಡೆಯುತ್ತದೋ ಇಲ್ಲವೋ ನೋಡುವುದು ಅವರ ಕೆಲಸ. ಊಟಕ್ಕೆ ಕುಳಿತಾಗಲೆಲ್ಲ ಅದೇ ಮಾತು. "ಎಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ನನ್ನ ಮೊದಲನೇ ಕೆಲಸ ಏನು ಗೊತ್ತಾ? ಗಾಳಿ ಎಳ್ಕೊಳ್ಳೋ ಬಾಯಿಗೆ ಹಾಕಿರೋ ಹೊದಿಕೆ ತೆಗೆದಿದ್ದಾರಾ ಅಂತ ನೋಡೋದು. ಬಾಯಿಗೆ ಬಟ್ಟೆ ಕಟ್ಟಿ ಓಡು ಅಂದ್ರೆ ಯಾರು ಓಡ್ತಾರೆ ಹೇಳು!" ಎಂದು ನೂರನೇ ಸಲ ಹೇಳಿ ನೂರನೇ ಸಲ ತಾವೇ ನಗುತ್ತಿದ್ದರು.

ಹಗಲೆಲ್ಲ ಎಂಜಿನ್ನುಗಳನ್ನು ಆರ್ಭಟಿಸುವ ಹಾಗೆ ಓಡಿಸಿದ ಮನುಷ್ಯ ಸಂಜೆ ಸ್ಕೂಟರಿನ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡರೆ ಮುಗಿಯಿತು. ಬೆನ್ನಿನ ಮೇಲೆ ಒಂದು ಬೆರಳು ಕುಟ್ಟುತ್ತಲೇ ಇರುತ್ತಿತ್ತು. "ಮೆಲ್ಲಗೆ ರೀ, ಮೆಲ್ಲಗೆ!" ಒಮ್ಮೆ ಇಂದಿರಾನಗರದ ನೂರಡಿ ರಸ್ತೆಯಲ್ಲಿ ವಾಕಿಂಗ್ ಹೊರಟಿದ್ದ ಪರಿಚಯದವರೊಬ್ಬರು ಇವರ ಸ್ಕೂಟರಿನ ಪಕ್ಕದಲ್ಲೇ ಮಾತಾಡಿಕೊಂಡು ನಡೆದು ಬಂದರಂತೆ. ಕೊನೆಗೆ ಅವರೇ, "ನನಗೆ ಸ್ವಲ್ಪ ಅರ್ಜೆಂಟಿದೆ, ಮುಂದೆ ಹೋಗಿರ್ತೀನಿ" ಎಂದು ಹೊರಟುಹೋದರಂತೆ! ಚಿಕ್ಕಪ್ಪ ಒಂದು ದಿನವೂ ಎದುರು ಮಾತಾಡಿದವರಲ್ಲ. "ಅಲ್ಲಿ ದಿನಾ ಜೋರಾಗಿ ಓಡಿಸ್ತೀನಲ್ಲ, ಇಲ್ಲಿ ಮೆಲ್ಲಗೇ ಇರ್ಲಿ ಬಿಡೆ" ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ಒಂದೊಂದೇ ಬಿಡಿಭಾಗ ತಂದು ತಾವೇ ಕಂಪ್ಯೂಟರ್ ಜೋಡಿಸಿದರು. ಜೀವಮಾನವೆಲ್ಲ ವಿಮಾನದ ಎಂಜಿನ್ ಓಡಿಸಿದರೂ ವಿಮಾನ ಓಡಿಸಿದ್ದಿಲ್ಲ. ಆ ಆಸೆಯನ್ನು ಪರದೆಯ ಮೇಲೆ ತೀರಿಸಿಕೊಳ್ಳಲು ವಿಮಾನ ಹಾರಿಸುವ ಆಟವೊಂದನ್ನು ಹಾಕಿಕೊಂಡರು. ಹಾರುವುದೆಲ್ಲ ಚೆನ್ನಾಗಿಯೇ ಇತ್ತು. ಇಳಿಯುವಾಗ ಮಾತ್ರ ಕಂಪ್ಯೂಟರಿನ ಶಕ್ತಿ ಸಾಲದೆ ಚಿತ್ರ ತಡವರಿಸುತ್ತಿತ್ತು. "ಮೂರೂವರೆ ಗಿಗಾಹರ್ಟ್ಸಿದೆ ಕಣೇ. ನಾಲ್ಕೂವರೆಗೆ ಏರಿಸಿದ್ರೆ ಬೆಣ್ಣೆ ಥರ ಇಳಿಯುತ್ತೆ" ಎಂದರು ಚಿಕ್ಕಪ್ಪ. "ಸುಟ್ಟು ಹೋದ್ರೆ?" ಎಂದರು ಚಿಕ್ಕಮ್ಮ. ಮಾತು ಅಲ್ಲಿಗೆ ನಿಂತಿತು.

ಒಂದೇ ಒಂದು ಸಲ ಪ್ರಯತ್ನ ಪಟ್ಟಿದ್ದರು. ವೇಗವನ್ನು ಒಂದೇ ಮೆಟ್ಟಿಲು ಏರಿಸಿ, ತಡೆಯುತ್ತದೋ ಇಲ್ಲವೋ ನೋಡಲು ಪರೀಕ್ಷೆಗೆ ಬಿಟ್ಟ ಸ್ವಲ್ಪ ಹೊತ್ತಿಗೇ ಕಂಪ್ಯೂಟರ್ ಬಿಸಿಯಾಗಿ ತಾನೇ ಆರಿಹೋಯಿತು. "ನೋಡಿದ್ರಾ? ನಾನು ಹೇಳಿರ್ಲಿಲ್ವಾ?" ಎಂದು ಚಿಕ್ಕಮ್ಮ ಗೆದ್ದವರ ಹಾಗೆ ಕೇಳಿದರು. ಚಿಕ್ಕಪ್ಪ ನಕ್ಕು, "ಹೌದು ಕಣೇ, ನೀನು ಹೇಳಿದ್ದೇ ಸರಿ" ಎಂದು ಹಳೆಯ ವೇಗಕ್ಕೇ ಇಳಿಸಿಟ್ಟರು. ಆಮೇಲೆ ಆ ವಿಷಯ ಎತ್ತಲಿಲ್ಲ. ಎರಡು ವರ್ಷದ ಹಿಂದೆ ಹೋಗಿಯೇಬಿಟ್ಟರು. ಕಂಪ್ಯೂಟರ್ ಉಳಿಯಿತು.

ಇನ್ನು ಎಡೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡ ಹಿರಿಯರಿಗೆ ಅವರವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಎಲೆಯ ಮೇಲೆ ಇಡುತ್ತೇವೆ. ತಾತನ ಎಡೆಗೆ ಬೀಡಿ ಕಟ್ಟು, ಒಬ್ಬ ದೊಡ್ಡಪ್ಪನ ಎಡೆಗೆ ಹೆಸರು ಹೇಳಲಾಗದ ಬಾಟಲಿ, ಎಲ್ಲ ಇಟ್ಟವರೇ ನಾವು. ಹೋದವರ ಆಸೆ ಬಾಕಿ ಉಳಿಯಬಾರದು. ಕಳೆದ ವರ್ಷ ಹಬ್ಬಕ್ಕೆ ಮುಂಚೆ ಚಿಕ್ಕಮ್ಮ ನನಗೆ ಫೋನ್ ಮಾಡಿದರು.

"ಅವರಿಗೆ ವಡೆ ಮಾಡ್ತೀನಿ, ಕಜ್ಜಾಯ ಮಾಡ್ತೀನಿ, ಮಟನ್ ಸಾರು ಮಾಡ್ತೀನಿ. ಅವೆಲ್ಲ ಇದ್ದಾಗ್ಲೂ ಮಾಡಿ ಹಾಕಿದ್ದೀನಿ. ನಾನು ಬೇಡ ಅಂದಿದ್ದು ಅದೊಂದೇ ಕಣೋ. ನಾಲ್ಕೂವರೆ. ಅದನ್ನ ಮಾಡ್ಬೇಕು. ನೀನು ಕಂಪ್ಯೂಟರ್ನಲ್ಲೇ ಅಲ್ವಾ ಕೆಲಸ ಮಾಡೋದು?"

ನಾನು ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು ನಿಜ. ಜೋಗುಪಾಳ್ಯದ ಒಂದು ಸಣ್ಣ ಕಚೇರಿಯಲ್ಲಿ ವಿಮೆ ಮಾಡಿಸಿದವರ ಹೆಸರು ಟೈಪ್ ಮಾಡುತ್ತೇನೆ! ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ. ಸುಟ್ಟರೆ ಸುಡುವುದು ಚಿಕ್ಕಪ್ಪ ಕೈಯಾರೆ ಮಾಡಿಟ್ಟುಹೋದ ಒಂದೇ ಒಂದು ವಸ್ತು ಎಂಬುದು ಮಾತ್ರ ನಮ್ಮಿಬ್ಬರಿಗೂ ಗೊತ್ತಿತ್ತು.

ಹೋಗಿ ನೋಡಿದರೆ ಚಿಕ್ಕಮ್ಮ ಆಗಲೇ ಹೊಸಬರಿಗಾಗಿ ಮಾಡಿದ ವಿಡಿಯೊಗಳನ್ನೆಲ್ಲ ನೋಡಿ ಮುಗಿಸಿದ್ದರು. "ಇದು ಸಾರಿಗೆ ಉಪ್ಪು ಹಾಕಿದ ಹಾಗೇ ಕಣೋ. ಒಂದೇ ಸಲ ಸುರೀಬಾರ್ದು. ಒಂದು ಚಿಟಿಕೆ ಹಾಕು, ರುಚಿ ನೋಡು, ಆಮೇಲೆ ಇನ್ನೊಂದು ಚಿಟಿಕೆ. ವೋಲ್ಟೇಜ್ ಮಾತ್ರ ಗಾಬರಿಬಿದ್ದು ಏರಿಸ್ಬಾರ್ದು. ಶಾಖ ಎಂಬತ್ತು ದಾಟಿದ್ರೆ ನಿಲ್ಲಿಸ್ಬೇಕು. ನಿಂತುಹೋದ್ರೆ ಒಂದು ಮೆಟ್ಟಿಲು ಇಳೀಬೇಕು." ಇಷ್ಟು ಸರಿಯಾಗಿ ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಅಲ್ಲ, ಲೋಕದಲ್ಲಿ ಎಲ್ಲರಿಗೂ ಓವರ್‌ಕ್ಲಾಕಿಂಗ್‌ನಲ್ಲಿ ಕಷ್ಟವಾಗುವುದು ತಾಳ್ಮೆ. ಇವರಿಗೆ ಅದೊಂದೇ ಬಂಡವಾಳ!

ಮೊದಲು ಪ್ರೊಸೆಸರಿಗೂ ಅದರ ಮೇಲಿನ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಬೇಕಿತ್ತು. ಶಿವಾಜಿನಗರದ ಅಂಗಡಿಗೆ ಹೋದೆವು. ಚಿಕ್ಕಮ್ಮ ಟ್ಯೂಬನ್ನು ತಿರುಗಿಸಿ ತಿರುಗಿಸಿ ಬ್ರೆಡ್ಡಿನ ಪೊಟ್ಟಣದ ಮೇಲೆ ಹುಡುಕುವ ಹಾಗೆ ತಾರೀಖು ಹುಡುಕಿದರು.

"ಎಷ್ಟು ಹಚ್ಬೇಕಪ್ಪಾ?"

"ಬಸ್, ಬಟಾಣಿ ಕಾಳಷ್ಟು ಅಮ್ಮಾ" ಎಂದ ಅಂಗಡಿಯವನು.

"ಹಸಿ ಬಟಾಣಿನಾ, ಒಣ ಬಟಾಣಿನಾ?"

ಅವನು ಬಾಯಿ ತೆರೆದವನು ಹಾಗೇ ಇದ್ದ. ಎಷ್ಟು ವರ್ಷದಿಂದ ಪೇಸ್ಟ್ ಮಾರುತ್ತಿದ್ದನೋ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಒಳಗೆ ಕೂತಿದ್ದ ತನ್ನ ಅಣ್ಣನನ್ನು ಕೇಳಿ ಬಂದು, "ಸೂಖಾ ಅಮ್ಮಾ, ಒಣಗಿದ್ದು" ಎಂದ. ಮನೆಗೆ ಬಂದು ಚಿಕ್ಕಮ್ಮ ಡಬ್ಬದಿಂದ ಒಂದು ಒಣ ಬಟಾಣಿ ತೆಗೆದು, ಪಕ್ಕದಲ್ಲಿಟ್ಟು, ಅಳತೆ ಸರಿಯಿದೆ ಎಂದು ಒಪ್ಪಿದ ಮೇಲೆಯೇ ನನ್ನ ಕೈ ಮುಂದೆ ಹೋದದ್ದು.

ಪರೀಕ್ಷೆಯ ದಿನ ನೋಡಬೇಕಿತ್ತು! ಗ್ಯಾಸ್ ಸಿಲಿಂಡರ್ ಬಾಲ್ಕನಿಗೆ ಹೋಯಿತು. ಪೆಟ್ರೋಲ್ ಬಂಕಿನಲ್ಲಿ ಇಡುವ ಹಾಗೆ ಒಂದು ಬಕೆಟ್ ಮರಳು ಬಂತು. ಸ್ಟ್ಯಾಟಿಕ್ ಕರೆಂಟ್ ಹೊಡೆಯಬಾರದೆಂದು ನಾನು ಏನನ್ನು ಮುಟ್ಟುವ ಮೊದಲೂ ಕಿಟಕಿಯ ಕಬ್ಬಿಣದ ಸರಳು ಮುಟ್ಟಬೇಕು. ಕೆಳಗಿನ ಮನೆಯ ತಮಿಳು ಹೆಂಗಸು ಮರಳಿನ ಬಕೆಟ್ ಮೆಟ್ಟಿಲು ಹತ್ತುವುದನ್ನು ಕಂಡು, "ಎನ್ನ ಅಕ್ಕಾ, ಮನೇಲಿ ಹೋಮ ಇದೆಯಾ? ನಮ್ಗೆ ಹೇಳೇ ಇಲ್ಲ!" ಎಂದು ಬೇಜಾರು ಮಾಡಿಕೊಂಡರು.

ಒಂದು ಮೆಟ್ಟಿಲು ಏರಿಸಿ ಪರೀಕ್ಷೆಗೆ ಬಿಟ್ಟೆವು. ಶಾಖ ಎಪ್ಪತ್ತಕ್ಕೆ ಬಂತು, ಎಂಬತ್ತು ದಾಟಿತು. ನಾನು ನಿಲ್ಲಿಸುವುದರೊಳಗೆ ತೊಂಬತ್ತನ್ನೂ ದಾಟಿ, ಚಿಕ್ಕಪ್ಪನಿಗೆ ಆದ ಹಾಗೆಯೇ ಠಪ್ಪೆಂದು ಆರಿಹೋಯಿತು. ಚಿಕ್ಕಮ್ಮನ ಮುಖ ಇಳಿದುಹೋಯಿತು. ಆದರೆ ಈ ಸಲ "ನಾನು ಹೇಳಿರ್ಲಿಲ್ವಾ" ಎನ್ನಲಿಲ್ಲ. ಹತ್ತಿರ ಹೋಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಕಂಪ್ಯೂಟರಿನ ಮೇಲೆ ಕೈಯಿಟ್ಟರು.

ಕೈಯಿಟ್ಟದ್ದು ಹೊದಿಕೆಯ ಮೇಲೆ. ಹೇಳುವುದನ್ನು ಮರೆತೆ. ಚಿಕ್ಕಪ್ಪ ಜೋಡಿಸಿದ ಹೊಸದರಲ್ಲೇ ಆ ಕಂಪ್ಯೂಟರ್ ಡಬ್ಬಕ್ಕೆ ಚಿಕ್ಕಮ್ಮ ಮೆರೂನ್ ಬಣ್ಣದ ಮಖಮಲ್ಲಿನ ಒಂದು ಹೊದಿಕೆ ಹೊಲಿದಿದ್ದರು. ಧೂಳು ಕೂರಬಾರದಲ್ಲ! ಸುತ್ತ ಲೇಸು, ಹಿಂದೆ ಮುಂದೆ ಒಂದೊಂದು ಜೋಡಿ ಗಿಣಿ, ಸ್ವಿಚ್ಚಿಗೆಂದು ಕಾಜಾ ಹೊಲಿದ ಒಂದು ತೂತು. ಪೇಸ್ಟ್ ಹಚ್ಚಲು ತೆಗೆದ ಹೊದಿಕೆಯನ್ನು ನಾನೇ ಮತ್ತೆ ಹಾಕಿದ್ದೆ. ಆ ಮನೆಯಲ್ಲಿ ಅದನ್ನು ಹೊದಿಕೆ ಎಂದು ಯಾರೂ ಯೋಚಿಸುತ್ತಿರಲಿಲ್ಲ, ಅದೂ ಕಂಪ್ಯೂಟರಿನ ಚರ್ಮವೇ ಆಗಿಹೋಗಿತ್ತು. ಹಿಂದಿನ ಗಿಣಿಗಳು ಕೈ ಸುಡುವಷ್ಟು ಬಿಸಿಯಾಗಿದ್ದವು. ಅವುಗಳ ಹಿಂದೆಯೇ ಗಾಳಿ ಹೊರಗೆ ಹೋಗುವ ಜಾಲರಿ.

ಚಿಕ್ಕಮ್ಮ ಹೊದಿಕೆಯನ್ನು ಎತ್ತಿ ತೆಗೆದರು. ಕಂಪ್ಯೂಟರ್ ಮತ್ತೆ ಆನ್ ಮಾಡಿ ಪರೀಕ್ಷೆಗೆ ಬಿಟ್ಟೆವು. ಅದೇ ವೇಗ, ಅದೇ ಪರೀಕ್ಷೆ. ಶಾಖ ಅರವತ್ತರ ಸುಮಾರಿಗೆ ಬಂದು ಸುಮ್ಮನೆ ಕೂತಿತು.

ನನಗೆ ಖುಷಿಯಿಂದ ಕೂಗುವ ಹಾಗಾಯಿತು. ತಿರುಗಿ ನೋಡಿದರೆ ಚಿಕ್ಕಮ್ಮ ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಎಂಜಿನ್ ಬಾಯಿಗೆ ಹೊದಿಕೆ ಇದೆಯಾ ಅಂತ ನೋಡೋದೇ ಅವರ ಮೊದಲನೇ ಕೆಲಸ ಅಲ್ವಾ?" ಎಂದರು.

"ಹೂಂ" ಎಂದೆ.

"ಅವರಿಗೆ ಗೊತ್ತಿತ್ತು ಕಣೋ. ಅವತ್ತೇ ಗೊತ್ತಿತ್ತು. ನಾನು ಹೊಲಿದಿದ್ದು ಅಂತ ಬಾಯಿ ಬಿಡ್ಲಿಲ್ಲ. 'ನೀನು ಹೇಳಿದ್ದೇ ಸರಿ' ಅಂದ್ಬಿಟ್ರು."

ನಾನು ಹೋಗಿ ಕಿಟಕಿಯ ಸರಳು ಮುಟ್ಟಿ ಬಂದೆ.

ಅಲ್ಲಿಂದಾಚೆ ಚಿಕ್ಕಮ್ಮನನ್ನು ಹಿಡಿಯುವವರಿಲ್ಲ. ಒಂದು ಚಿಟಿಕೆ, ಪರೀಕ್ಷೆ, ಇನ್ನೊಂದು ಚಿಟಿಕೆ. ಹೋದಾಗಲೆಲ್ಲ ಒಂದೆರಡು ಮೆಟ್ಟಿಲು ಹತ್ತುತ್ತಿದ್ದೆವು. ನಾಲ್ಕೂಕಾಲು ದಾಟಿದ ಕೂಡಲೇ ಪರದೆ ಪೂರ್ತಿ ನೀಲಿಯಾಗಿ ಎಲ್ಲ ನಿಂತುಹೋಯಿತು. ಚಿಕ್ಕಮ್ಮ ಎರಡೂ ಕೈಯಲ್ಲಿ ಮರಳು ಎತ್ತಿಯೇಬಿಟ್ಟರು. ನಾನು ಅಡ್ಡ ಬಂದೆ. ಮರಳೆಲ್ಲ ನನ್ನ ತಲೆಯ ಮೇಲೆ! ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ, ಪ್ರೊಸೆಸರಿಗೆ ಸ್ವಲ್ಪ ವಿದ್ಯುತ್ ಸಾಲದಾಗಿತ್ತು ಅಷ್ಟೇ.

"ಸಾಕು ಚಿಕ್ಕಮ್ಮ, ನಾಲ್ಕೂಕಾಲಿಗೆ ನಿಲ್ಲಿಸೋಣ. ಎಡೆಗೆ ಇಷ್ಟೇ ಸಾಕು" ಎಂದೆ, ಕೂದಲು ಕೊಡವಿಕೊಳ್ಳುತ್ತ.

"ವಡೆ ಅರ್ಧ ಬೇಯಿಸಿ ಇಡ್ತೀಯೇನೋ ಎಡೆಗೆ?" ಎಂದು ಗದರಿದರು. ವಿಡಿಯೊದಲ್ಲಿ ಹೇಳಿದ ಮಿತಿಯೊಳಗೇ ವೋಲ್ಟೇಜನ್ನು ಕೂದಲೆಳೆಯಷ್ಟು ಏರಿಸಿದೆವು. ವೇಗ ಮತ್ತೆ ಮೆಟ್ಟಿಲು ಹತ್ತತೊಡಗಿತು.

ಮಹಾಲಯ ಅಮಾವಾಸ್ಯೆಯ ದಿನ ಚಿಕ್ಕಪ್ಪನ ಫೋಟೊ ನಡುಮನೆಯಿಂದ ಕಂಪ್ಯೂಟರ್ ಕೋಣೆಗೆ ಬಂತು. ಪರದೆಯನ್ನು ಫೋಟೊದ ಕಡೆಗೆ ತಿರುಗಿಸಿದರು. ಎಲೆಯ ಮೇಲೆ ವಡೆ, ಕಜ್ಜಾಯ, ಮಟನ್ ಸಾರು. ಪಕ್ಕದಲ್ಲಿ ಹೊಸ ಪಂಚೆ, ಶರ್ಟು. ಅವುಗಳ ಮೇಲೆ ಮಡಿಸಿಟ್ಟ ಮಖಮಲ್ಲಿನ ಹೊದಿಕೆ.

"ಇದ್ಯಾಕೆ ಚಿಕ್ಕಮ್ಮ?"

"ಇದನ್ನೂ ಅವರೇ ತಗೊಂಡು ಹೋಗ್ಲಿ."

ಕೊನೆಯ ಮೆಟ್ಟಿಲು ಏರಿಸಿ ಪರೀಕ್ಷೆಗೆ ಬಿಟ್ಟೆ. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ನಿಧಾನವಾಗಿ ಊಟ ಮಾಡುವ ಹೊತ್ತು ಅದು. ಹಾಲಿಟ್ಟ ಒಲೆಯನ್ನು ಬಿಟ್ಟು ಒಂದು ದಿನವೂ ಕದಲದ ಚಿಕ್ಕಮ್ಮ, ಪೂರ್ತಿ ವೇಗದಲ್ಲಿ ಓಡುತ್ತಿದ್ದ ಯಂತ್ರವನ್ನು ಒಳಗೇ ಬಿಟ್ಟು ತಾವೇ ಬಾಗಿಲೆಳೆದುಕೊಂಡರು. ಮರಳಿನ ಬಕೆಟ್ಟೂ ಒಳಗೇ ಉಳಿಯಿತು. ಹೊರಗೆ ನಿಂತು ಬಾಗಿಲಿಗೆ ಕಿವಿಯಿಟ್ಟರು. ಒಳಗೆ ಫ್ಯಾನು ಒಂದೇ ಸಮನೆ ಗುಯ್ ಎನ್ನುತ್ತಿತ್ತು.

ಬಾಗಿಲು ತೆರೆದಾಗ ಊದುಬತ್ತಿಯ ಹೊಗೆಯ ನಡುವೆ ಅದು ಓಡುತ್ತಲೇ ಇತ್ತು. ನಾಲ್ಕೂವರೆ. ಶಾಖ ಎಪ್ಪತ್ತೈದನ್ನೂ ಮುಟ್ಟಿರಲಿಲ್ಲ. "ಈಗ ಅವರ ವಿಮಾನ ಇಳಿಸು" ಎಂದರು. ನಾನು ಹಾರಿಸಿದೆ, ಇಳಿಸಿದೆ. ವಿಮಾನ ನೇರವಾಗಿ ನೆಲಕ್ಕೆ ಅಪ್ಪಳಿಸಿ ಪುಡಿಪುಡಿಯಾಯಿತು. ಆದರೆ ಎಲ್ಲೂ ತಡವರಿಸಲಿಲ್ಲ, ಬೆಣ್ಣೆಯ ಹಾಗೆ ಅಪ್ಪಳಿಸಿತು!

ಚಿಕ್ಕಮ್ಮ ನಗಲಿಲ್ಲ. ಫೋಟೊ ನೋಡುತ್ತ ಕೇಳಿದರು. "ಇಷ್ಟೇನಾ ರೀ? ಇಷ್ಟಕ್ಕಾ ನಾನು ಬೇಡ ಅಂದಿದ್ದು?"

ಸಂಜೆ ಚಿಕ್ಕಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ರಾಮಮೂರ್ತಿ ನಗರದ ನಮ್ಮ ಮನೆಗೆ ಹೊರಟೆ. ಮಂಡಿನೋವಿನಿಂದ ಬರಲಾಗದ ನನ್ನ ಅಮ್ಮನಿಗೆ, ಅಂದರೆ ಅವರ ಅಕ್ಕನಿಗೆ, ಕ್ಯಾರಿಯರಿನಲ್ಲಿ ವಡೆ ಕಜ್ಜಾಯ ತುಂಬಿಕೊಂಡಿದ್ದರು. ಹಳೇ ಮದ್ರಾಸ್ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ಹತ್ತಿರ ಬರುವ ಹೊತ್ತಿಗೆ ಎಂದಿನ ಹಾಗೆ ಎಲ್ಲ ನಿಂತುಹೋಗಿತ್ತು. ಬೆನ್ನಿನ ಮೇಲೆ ಬೆರಳು ಕುಟ್ಟಿತು. ನಿಂತ ಗಾಡಿಯನ್ನು ಇನ್ನೆಷ್ಟು ಮೆಲ್ಲಗೆ ಓಡಿಸಲಿ ಎಂದು ಕೇಳಬೇಕೆಂದಿದ್ದೆ.

"ಸ್ವಲ್ಪ ಜೋರಾಗಿ ಹೋಗೋ" ಎಂದರು.

"ಎಲ್ಲಿಗೆ ಹೋಗ್ಲಿ ಚಿಕ್ಕಮ್ಮ? ಮುಂದೆ ಬಸ್ಸು, ಪಕ್ಕದಲ್ಲಿ ಲಾರಿ."

ನನ್ನ ಹೆಗಲ ಮೇಲಿದ್ದ ಚಿಕ್ಕಮ್ಮನ ಕೈ ಬಿಗಿಯಾಯಿತು.

"ನಿಮ್ಮ ಚಿಕ್ಕಪ್ಪ ಓಡಿಸೋವಾಗ ಈ ರೋಡು ಖಾಲಿ ಇರ್ತಿತ್ತು ಕಣೋ" ಎಂದರು.